ಎಲೆಗೆ ತೂತೇ ಬೀಳ್ತಿಲ್ಲ ಮೇಡಂ!

ಪ್ರಶ್ನೆ: ಮೇಡಂ, ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಎರಡು ವರ್ಷದ ಹಿಂದೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮಾನ್‌ಸ್ಟೆರಾ ಗಿಡ ತಂದೆ. ಆಗ ಎಲೆಗಳಲ್ಲಿ ಸೀಳು, ತೂತು ಎಲ್ಲ ಇದ್ದು ಚೆನ್ನಾಗಿತ್ತು. ಈಗ ಬರುವ ಎಲೆ ಚಿಕ್ಕದು, ತೂತೇ ಇಲ್ಲ. ಕೆಳಗಿನವು ಒಂದೊಂದೇ ಹಳದಿಯಾಗುತ್ತಿವೆ. ಕಾಂಡದಿಂದ ಕಂದು ಬೇರುಗಳು ಹಗ್ಗದ ಹಾಗೆ ಇಳಿದು ಟೈಲ್ಸ್ ಮೇಲೆ ಹರಿದಾಡುತ್ತಿವೆ. ಕತ್ತರಿಸಿ ಬಿಸಾಕು ಅಂತಾರೆ ಅತ್ತೆ. ಗಿಡ ಇರುವುದು ಟಿವಿ ಸ್ಟ್ಯಾಂಡ್ ಪಕ್ಕ. ದಿನಾ ಒಂದು ಲೋಟ ನೀರು ಹಾಕುತ್ತೇನೆ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಟಿವಿ ಸ್ಟ್ಯಾಂಡ್ ಪಕ್ಕ, ದಿನಾ ಒಂದು ಲೋಟ. ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲೇ ಉತ್ತರ ಇದೆಯಲ್ಲ!

ಮೊದಲು ಬೆಳಕಿನ ವಿಷಯ. ನಾವು ಗಿಡ ಅಂತ ಕರೆದರೂ ಇದು ಬಳ್ಳಿ. ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡುಗಳು ಇದರ ತವರು. ಅಲ್ಲಿ ನೆಲದಲ್ಲಿ ಮೊಳೆತ ಸಸಿ ಬೆಳಕು ಹುಡುಕುವುದಿಲ್ಲ. ಕತ್ತಲು ಎಲ್ಲಿ ಜಾಸ್ತಿಯೋ ಆ ಕಡೆ ತೆವಳುತ್ತದೆ. ಕಾಡಿನಲ್ಲಿ ಹಾಗೆ ಕಪ್ಪಗೆ ಕಾಣುವುದು ದಪ್ಪ ಮರದ ಬುಡ, ಅಲ್ವಾ? ಮರ ಸಿಕ್ಕ ಮೇಲೆ ಹತ್ತಲು ಶುರು. ಮೇಲೆ ಹೋದಂತೆ ಬೆಳಕು ಹೆಚ್ಚು, ಎಲೆ ಅಗಲ, ಆಗ ತೂತು, ಸೀಳು. ಚಿಕ್ಕ ಸಸಿಯ ಎಲೆ ಇಡಿಯಾಗಿಯೇ ಇರುತ್ತದೆ. ಬೆಳಕು ಸಾಲದೆ ನಿಮ್ಮ ಬಳ್ಳಿ ಮತ್ತೆ ಮಗುವಾಗಿದೆ, ಅಷ್ಟೇ. ಒಂದು ಮಾತು ಹೇಳಿಬಿಡುತ್ತೇನೆ: ಈಗಾಗಲೇ ಬಿಚ್ಚಿಕೊಂಡ ಎಲೆಗೆ ಇನ್ನು ತೂತು ಬೀಳುವುದಿಲ್ಲ. ಎಲೆ ಸುರುಳಿಯಲ್ಲಿರುವಾಗಲೇ ಅದು ತೀರ್ಮಾನವಾಗಿರುತ್ತದೆ. ಮುಂದೆ ಬರುವ ಎಲೆಗಳಿಗೆ ಕಾಯಿರಿ.

ಪೂರ್ವದ ಕಿಟಕಿ ಇದ್ದರೆ ಅದರಿಂದ ಎರಡು ಮೂರು ಅಡಿ ದೂರದಲ್ಲಿಡಿ. ಪಶ್ಚಿಮದ್ದಾದರೆ ತೆಳು ಪರದೆ ಎಳೆಯಿರಿ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಎಲೆ ಹಪ್ಪಳದ ಹಾಗೆ ಸುಡುತ್ತದೆ.

ಇನ್ನು ನೀರು. ನನ್ನ ಮೊದಲ ಮಾನ್‌ಸ್ಟೆರಾ ಸತ್ತದ್ದು ತುಳಸಿಯಿಂದ. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಒಳಗೆ ಬರುತ್ತಿದ್ದೆನಾ, ಚೊಂಬಿನಲ್ಲಿ ಉಳಿದದ್ದನ್ನು ಸುಮ್ನೆ ಚೆಲ್ಲುವುದೇಕೆ ಅಂತ ಇದರ ಬುಡಕ್ಕೆ ಸುರಿಯುತ್ತಿದ್ದೆ. ಎಲೆ ಹಳದಿಯಾದಾಗ ನೀರು ಸಾಲಲಿಲ್ಲವೇನೋ ಅಂತ ಇನ್ನೂ ಅರ್ಧ ಚೊಂಬು! ಶ್ರಾವಣದ ಹೊತ್ತಿಗೆ ಕುಂಡದ ಹತ್ತಿರ ಮೋರಿ ವಾಸನೆ. ಗಿಡ ಕಿತ್ತು ಬೇರು ಮುಟ್ಟಿದರೆ ಹಿತಕಿದ ಅವರೆಕಾಳಿನ ಹಾಗೆ ಸಿಪ್ಪೆ ಜಾರಿ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿದಿತ್ತು.

ನಿಮ್ಮದನ್ನೂ ಒಮ್ಮೆ ಕುಂಡದಿಂದ ಬಿಡಿಸಿ ನೋಡಿ. ಗಟ್ಟಿಯಾಗಿರುವ ಬೇರು ಇರಲಿ. ಕಪ್ಪಾಗಿ ಮೆತ್ತಗಾದದ್ದನ್ನು ಕತ್ತರಿಸಿ. ಬರೀ ಕೆಮ್ಮಣ್ಣು ಬೇಡ. ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಇದ್ದಿಲು ಮತ್ತು ಇಟ್ಟಿಗೆ ಚೂರು ಸೇರಿ ಒಂದು ಪಾಲು ಹಾಕಿ. ನಾರಿನ ಪುಡಿಯನ್ನು ಎರಡು ನೀರಿನಲ್ಲಿ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರಬಹುದು. ಕುಂಡದ ತಳದಲ್ಲಿ ತೂತಿರಬೇಕು. (ತೂತು ಇರಬೇಕಾದದ್ದು ಎಲೆಯಲ್ಲಿ ಮಾತ್ರ ಅಲ್ಲ.) ಆಮೇಲೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಐದಾರು ದಿನಕ್ಕೊಮ್ಮೆ ಹಾಕುತ್ತೇನೆ, ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನವಾದರೂ ಬೇಕಾಗುವುದಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಕತ್ತರಿಯನ್ನು ಎತ್ತಿಡಿ. ಆ ಬೇರುಗಳಿಂದಲೇ ಬಳ್ಳಿ ಮರ ಹಿಡಿಯುವುದು. ಮರ ಇಲ್ಲದ್ದಕ್ಕೆ ಪಾಪ ಟೈಲ್ಸ್ ಮೇಲೆ ತಡಕಾಡುತ್ತಿದೆ. ಮೂರಡಿ ಪಿವಿಸಿ ಪೈಪಿಗೆ ತೆಂಗಿನ ಹಗ್ಗವನ್ನು ಒತ್ತಾಗಿ ಸುತ್ತಿ ಕುಂಡದಲ್ಲಿ ನೆಡಿ. ಬೇರು ಬರುವ ಮಗ್ಗುಲು ಆ ಕಡೆ ಇರಲಿ. ಹಳೇ ಬನಿಯನ್ ಪಟ್ಟಿಯಿಂದ ಕಾಂಡವನ್ನು ಸಡಿಲವಾಗಿ ಕಟ್ಟಿ, ಎಲೆಯ ತೊಟ್ಟನ್ನು ಕಟ್ಟಬೇಡಿ. ಹಗ್ಗ ಆಗಾಗ ಒದ್ದೆಯಾಗಿದ್ದರೆ ಬೇರು ತಾನೇ ಹಿಡಿಯುತ್ತದೆ.

ಪ್ರಶ್ನೆ: ಎಲೆ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಎರಡೇ ದಿನದಲ್ಲಿ ಧೂಳು ಮೆತ್ತಿಕೊಳ್ಳುತ್ತದೆ. ಬೆಳಗಾಗೆದ್ದರೆ ಎಲೆ ತುದಿಯಲ್ಲಿ ನೀರಿನ ಹನಿ ಬೇರೆ. ರೋಗವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಎಣ್ಣೆ ತಲೆಗಿರಲಿ. ಎಣ್ಣೆಗೆ ಧೂಳು ಅಂಟುತ್ತದೆ, ಧೂಳು ಬೆಳಕನ್ನು ತಡೆಯುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗೈಯನ್ನು ಎಲೆಯ ಕೆಳಗೆ ಆನಿಸಿಕೊಂಡು. ಒರೆಸುವಾಗಲೇ ತೊಟ್ಟಿನ ಸಂದಿಯನ್ನೂ ನೋಡಿ. ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಕಿ ಸಂಜೆ ಸಿಂಪಡಿಸಿ. ಹನಿಯ ಬಗ್ಗೆ ಹೆದರಬೇಡಿ. ಬೇರು ರಾತ್ರಿ ಹೀರಿದ ನೀರಲ್ಲಿ ಹೆಚ್ಚಾದದ್ದು ತುದಿಯಿಂದ ಹೊರಬರುತ್ತದೆ. ಆದರೆ ದಿನಾ ತೊಟ್ಟಿಕ್ಕುತ್ತಿದ್ದರೆ ನೀವು ನೀರು ಹಾಕುವುದು ಒಂದು ಕೈ ಜಾಸ್ತಿ ಅಂತ.

ಪ್ರಶ್ನೆ: ನಮ್ಮ ತೋಟದಲ್ಲಿ ಮರಕ್ಕೆ ಹಬ್ಬಿದ ಮಾನ್‌ಸ್ಟೆರಾಕ್ಕೆ ಜೋಳದ ತೆನೆಯಂಥ ಕಾಯಿ ಬಂದಿದೆ. ತಿನ್ನಬಹುದಾ? ಅದರದ್ದೇ ತುಂಡು ಜಗುಲಿಯ ಕುಂಡದಲ್ಲೂ ಇದೆ. ಮೊಮ್ಮಗಳು ಎಲೆ ಬಾಯಿಗೆ ಹಾಕಿದರೆ?
– ಓದುಗರು, ಶಿರಸಿ

ಉತ್ತರ: ಇದು ನಿಮ್ಮ ಕೆಸು, ಸುವರ್ಣಗಡ್ಡೆಯ ಬಳಗದ್ದೇ. ಪತ್ರೊಡೆಗೆ ಹುಣಸೆಹುಳಿ ಯಾಕೆ ಹಾಕುತ್ತಾರೆ ಅಂತ ನಿಮಗೆ ನಾನು ಹೇಳಬೇಕೆ? ಆ ತುರಿಕೆಯೇ ಇಲ್ಲೂ ಇದೆ. ಎಲೆ, ಕಾಂಡ, ಎಳೆ ಕಾಯಿ ಎಲ್ಲದರಲ್ಲೂ ಸೂಜಿಯಂಥ ಸಣ್ಣ ಹರಳುಗಳು ಇರುತ್ತವೆ. ಮಗು ಕಚ್ಚಿದರೆ ಬಾಯಿ ಒರೆಸಿ, ತೊಳೆದು, ತಣ್ಣನೆಯ ನೀರೋ ಹಾಲೋ ಕೊಡಿ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ನುಂಗಲು, ಉಸಿರಾಡಲು ಕಷ್ಟವಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಕುಂಡವನ್ನು ಜಗುಲಿಯಿಂದ ಎತ್ತರಕ್ಕೆ ಸಾಗಿಸುವುದು ಇನ್ನೂ ಒಳ್ಳೆಯದು.

ಕಾಯಿ ಹಣ್ಣಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಮನೆಯೊಳಗಿನ ಕುಂಡದಲ್ಲಿ ಕಾಯಿ ಬಿಡುವುದು ಅಪರೂಪ, ನಿಮ್ಮ ಮರದ್ದು ಭಾಗ್ಯ. ಅವಸರ ಮಾತ್ರ ಬೇಡ. ಬುಡದ ಹಸಿರು ಬಿಲ್ಲೆಗಳು ತಾವಾಗಿಯೇ ಉದುರಲು ಶುರುವಾದಾಗ ಕೊಯ್ದು, ಪೇಪರ್ ಸುತ್ತಿ ಲೋಟದಲ್ಲಿ ನಿಲ್ಲಿಸಿ. ಬಿಲ್ಲೆ ಉದುರಿದ ಕಡೆ ಕೆನೆಬಣ್ಣದ ತೊಳೆ ಕಾಣುತ್ತದೆ. ಅನಾನಸ್ಸಿಗೆ ಬಾಳೆಹಣ್ಣು ಕಿವುಚಿದ ಹಾಗೆ ರುಚಿ. ಉದುರಿದಷ್ಟು ಭಾಗ ಮಾತ್ರ ತಿನ್ನಿ. ಉಳಿದದ್ದು ನಾಳೆಗೆ, ನಾಡಿದ್ದಿಗೆ.