ವ್ಯಾನಿಗೆ ರನ್‌-ಫ್ಲ್ಯಾಟ್ ಟೈರ್ ಬೇಕಾ?

ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಪಂಚರ್ ಆದರೆ ಕಷ್ಟ, ಸ್ಟೆಪ್ನಿ ಜಾಗವೂ ಉಳಿಯುತ್ತೆ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌-ಫ್ಲ್ಯಾಟ್ ಟೈರ್ ಹಾಕಿಸಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ ಸರ್.

ಈ ಟೈರಿನ ಪಕ್ಕದ ಗೋಡೆ ದಪ್ಪ. ಗಾಳಿ ಹೋದರೂ ಆ ಗೋಡೆಯೇ ಭಾರ ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಒಳಗಿನ ವೇಗದಲ್ಲಿ ಸುಮಾರು 80 ಕಿ.ಮೀ. ಹೋಗಬಹುದು. ಆದರೆ ಅದು ಕಾರಿನ ಲೆಕ್ಕ. ಎಂಟು ಜನ, ಜೊತೆಗೆ ಎರಡು ಮೂಟೆ ಕಾಫಿ ಅಂದರೆ ಅಷ್ಟು ದೂರ ನಂಬಬೇಡಿ. ವ್ಯಾನಿನ ಭಾರಕ್ಕೆ ತಕ್ಕ ಸೈಜಿನಲ್ಲಿ ಇವು ಸಿಗುವುದೂ ಅಪರೂಪ. ಗಾಳಿ ಕಡಿಮೆಯಾದದ್ದು ಕೈಗೆ ಗೊತ್ತಾಗುವುದಿಲ್ಲ, ಹಾಗಾಗಿ ಪ್ರೆಶರ್ ಸೆನ್ಸರ್ ಇರಲೇಬೇಕು. ಗಾಳಿ ಇಲ್ಲದೆ ಓಡಿಸಿದ ಮೇಲೆ ಪಂಚರ್ ಹಾಕಿಸುವ ಹಾಗಿಲ್ಲ, ಬಹುತೇಕ ಹೊಸ ಟೈರೇ ಗತಿ. ಕೊಟ್ಟಿಗೆಹಾರದಲ್ಲಿ ನಿಂತು ಅದನ್ನು ಎಲ್ಲಿ ಹುಡುಕ್ತೀರಿ? ಗೋಡೆ ಗಟ್ಟಿಯಾದ್ದರಿಂದ ಗುಂಡಿ ರಸ್ತೆಯಲ್ಲಿ ಸೊಂಟಕ್ಕೆ ಬೀಳುವ ಏಟು ಬೇರೆ.

ಹೋದ ಮಳೆಗಾಲ ಬಣಕಲ್ ಹತ್ತಿರ ನನ್ನ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತ್ತು. ಸ್ಟೆಪ್ನಿ ಇಳಿಸಿದರೆ ಅದರಲ್ಲೂ ಗಾಳಿ ಇಲ್ಲ! ಜಾಕ್ ಬೇರೆ ಕೆಸರಲ್ಲಿ ಹೂತುಹೋಯಿತು. ತಪ್ಪು ನನ್ನದೇ, ವರ್ಷದಿಂದ ನೋಡಿರಲಿಲ್ಲ. ಈಗ ಸೀಟಿನ ಕೆಳಗೆ ಒಂದಡಿ ಹಲಗೆ, 12 ವೋಲ್ಟ್ ಪಂಪು, ತಲೆಗೆ ಕಟ್ಟುವ ಟಾರ್ಚು ಇಟ್ಟಿದ್ದೇನೆ.

ನೀವೂ ಒಳ್ಳೆಯ ಟ್ಯೂಬ್‌ಲೆಸ್ ಹಾಕಿಸಿ, ಲೋಡ್ ರೇಟಿಂಗ್ (ಟೈರ್ ಹೊರಬಲ್ಲ ಭಾರದ ಮಿತಿ) ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬೇಡ. ಸ್ಟೆಪ್ನಿ ಇರಲಿ. ಲಗೇಜಿಗೆ ಮೇಲೆ ಕ್ಯಾರಿಯರ್ ಇದೆ ಅಲ್ವಾ?