429 ಬಂದರೆ ಐಪಿ ಬದಲಿಸಬೇಕೇ?

ಹಳ್ಳಿಗಳ ಹೆಸರು ಕೊಟ್ಟು, ಹೆಸರಿನಿಂದ ಜಾಗ ಹುಡುಕಿಕೊಡುವ ಸೇವೆಯಾದ ನಾಮಿನಾಟಿಮ್‌ನಿಂದ ಅಕ್ಷಾಂಶ, ರೇಖಾಂಶ ತರುವ ನಿಮ್ಮ ಸ್ಕ್ರಿಪ್ಟ್ ಹತ್ತು ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆ) ಹಾಕಿದ ಕೂಡಲೇ 429, ಅಂದರೆ ‘ಕೋರಿಕೆಗಳು ಮಿತಿ ಮೀರಿವೆ’ ಎಂದು ನಿಲ್ಲುತ್ತಿದೆ, ಬೇರೆ ಬೇರೆ ಐಪಿಗಳಿಂದ (ಅಂತರ್ಜಾಲ ವಿಳಾಸಗಳಿಂದ) ಓಡಿಸಲೇ ಎಂದು ಕೇಳಿದ್ದೀರಿ. ಬೇಡ. ನಾಮಿನಾಟಿಮ್ ಎಂಬುದು ಮುಕ್ತ ನಕ್ಷೆ ಯೋಜನೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ದೇಣಿಗೆಯ ಹಣದಲ್ಲಿ ನಡೆಸುವ ಸರ್ವರ್. ಸೆಕೆಂಡಿಗೆ ಹೆಚ್ಚೆಂದರೆ ಒಂದು ಕೋರಿಕೆ, ಒಂದೇ ಯಂತ್ರ, ಒಂದೇ ಥ್ರೆಡ್ ಎಂದು ಅವರು ಬರೆದೇ ಇಟ್ಟಿದ್ದಾರೆ. ಐಪಿ ಬದಲಿಸುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ನಾನು ದಾವಣಗೆರೆಯಲ್ಲಿ ಮೆಕ್ಕೆಜೋಳದ ವರ್ತಕರಿಗೆ ರೈತರ ಊರುಗಳ ಇಂಥ ಪಟ್ಟಿಗಳನ್ನು ಸಿದ್ಧಪಡಿಸಿಕೊಡುತ್ತೇನೆ. ನಾನು ಮೊದಲು ಕೈಹಾಕುವುದು ಪಟ್ಟಿಗೇ ಹೊರತು ಕೋಡ್‌ಗಲ್ಲ. ರೈತರು ಸಾವಿರಾರು ಇದ್ದರೂ ಊರುಗಳು ಕೆಲವೇ ನೂರು. ಅದರಲ್ಲೂ ಒಂದೇ ಊರು ‘ಆನಗೋಡು’, ‘ಆನಗೋಡ’, ‘ಆನಗೋಡು, ದಾವಣಗೆರೆ ತಾ.’ ಎಂದು ಮೂರು ವೇಷ ಹಾಕಿಕೊಂಡು ಕೂತಿರುತ್ತದೆ. ಇವನ್ನೆಲ್ಲ ಒಂದು ಮಾಡಿ, ತಾಲ್ಲೂಕು, ಜಿಲ್ಲೆ ಸೇರಿಸಿ ಕೇಳಿ. ಹೊಸಹಳ್ಳಿ ಎಂದಷ್ಟೇ ಕೇಳಿದರೆ ಯಾವ ಹೊಸಹಳ್ಳಿ ಬರುತ್ತದೆಯೋ ದೇವರೇ ಬಲ್ಲ. ಹೀಗೆ ಸೋಸಿದ ಮೇಲೆ ಆರುನೂರು ಊರು ಉಳಿದವು ಎನ್ನೋಣ, ಸೆಕೆಂಡಿಗೊಂದರಂತೆ ಹತ್ತೇ ನಿಮಿಷ. ಅದಕ್ಕೆ ಹತ್ತು ಥ್ರೆಡ್ ಏಕೆ? ಬಂದ ಉತ್ತರವನ್ನು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ‘ಸಿಗಲಿಲ್ಲ’ ಎಂಬುದೂ ಉತ್ತರವೇ, ಅದನ್ನೂ ಇಡಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಪ್ರತಿ ಸಲವೂ ಇಲ್ಲದ ಊರನ್ನೇ ಹುಡುಕಿಕೊಂಡು ಹೋಗುತ್ತದೆ.

ಇಷ್ಟಾದರೂ 429 ಬಂದರೆ ಉತ್ತರದ ಜೊತೆ ಬರುವ ಮಾಹಿತಿ ಸಾಲುಗಳಾದ ಹೆಡರ್‌ಗಳಲ್ಲಿ ‘ರಿಟ್ರೈ-ಆಫ್ಟರ್’ ಇದೆಯೇ ನೋಡಿ. ಅದರಲ್ಲಿ ಕಾಯಬೇಕಾದ ಸೆಕೆಂಡುಗಳೋ, ಮತ್ತೆ ಕೇಳಬಹುದಾದ ದಿನಾಂಕ–ಸಮಯವೋ ಇರುತ್ತದೆ. ಎರಡನ್ನೂ ಓದಬಲ್ಲಂತೆ ಕೋಡ್ ಬರೆಯಿರಿ. ಹೆಡರ್ ಇಲ್ಲದಿದ್ದರೆ ಒಂದು, ಎರಡು, ನಾಲ್ಕು, ಎಂಟು ಸೆಕೆಂಡು ಎಂದು ಕಾಯುವ ಹೊತ್ತನ್ನು ಇಮ್ಮಡಿಸುತ್ತಾ ಹೋಗಿ, ಐದಾರು ಸಲದ ನಂತರ ಬಿಟ್ಟುಬಿಡಿ. 403, ಅಂದರೆ ‘ಪ್ರವೇಶವಿಲ್ಲ’ ಎಂದು ಬಂದರೆ ಮಾತ್ರ ಕಾದು ಪ್ರಯೋಜನವಿಲ್ಲ. ಲೈಬ್ರರಿ ತಾನಾಗಿ ಹಾಕುವ ‘ಯೂಸರ್-ಏಜೆಂಟ್’ (ಕೇಳುತ್ತಿರುವವರು ಯಾರೆಂದು ಹೇಳುವ ಹೆಡರ್) ಅನ್ನು ಅವರು ಒಪ್ಪುವುದಿಲ್ಲ, ನಿಮ್ಮ ಅಪ್ಲಿಕೇಶನ್ ಹೆಸರನ್ನೇ ಅಲ್ಲಿ ಬರೆಯಬೇಕು.

ಬೇರೆ ಎಪಿಐಗಳ (ಪ್ರೋಗ್ರಾಂಗಳು ಮಾಹಿತಿ ಕೇಳುವ ಸೇವೆಗಳ) ಲೆಕ್ಕ ಬೇರೆ. ಉದಾಹರಣೆಗೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಟೋಕನ್ (ಗುರುತಿನ ಕೀಲಿ) ಇಲ್ಲದೆ ಕೇಳಿದರೆ ಒಂದು ಐಪಿಗೆ ಗಂಟೆಗೆ 60 ಕೋರಿಕೆ, ಸ್ವಂತ ಟೋಕನ್ ಇದ್ದರೆ 5,000. ಅಲ್ಲಿ ಒಂದೇ ವೈಫೈ ಹಂಚಿಕೊಂಡ ಕಚೇರಿಯವರೆಲ್ಲ ಆ ಅರವತ್ತರಲ್ಲೇ ಪಾಲು ಮಾಡಿಕೊಳ್ಳಬೇಕು.

ನಿಮಗೆ ದಿನವೂ ಸಾವಿರಾರು ಹೊಸ ವಿಳಾಸ ಬರುವುದಾದರೆ ನಾಮಿನಾಟಿಮ್ಮಿನ ಈ ಉಚಿತ ಸರ್ವರ್ ಸರಿಹೋಗದು. ನಾಮಿನಾಟಿಮ್ ಮುಕ್ತ ತಂತ್ರಾಂಶ. ಭಾರತದ ದತ್ತಾಂಶವನ್ನಷ್ಟೇ ಇಳಿಸಿಕೊಂಡು ನಿಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳಿ, ಆಗ ಹತ್ತು ಥ್ರೆಡ್ ಬೇಕಾದರೂ ಓಡಿಸಿ.