ಎರಡು ಕೋಟಿ ಅಂತೀರಲ್ಲ, ಎಣಿಸಿದ್ದು ಯಾರು?

ಈ ಸಲ ಬಂದ ಪತ್ರಗಳಲ್ಲಿ ವಲಸಿಗರು, ನಿರಾಶ್ರಿತರು, ಅವರ ಲೆಕ್ಕದ ಬಗ್ಗೆಯೇ ಜಾಸ್ತಿ. ಕೆಲವಕ್ಕೆ ಉದ್ದುದ್ದ, ಕೆಲವಕ್ಕೆ ಚಿಕ್ಕದಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನಲ್ಲಿ ಅಕ್ರಮ ವಲಸೆ ಬಗ್ಗೆ ಚರ್ಚಾ ಸ್ಪರ್ಧೆ ಇದೆ. ದೇಶದಲ್ಲಿ ಎರಡು ಕೋಟಿ ಬಾಂಗ್ಲಾದೇಶಿಗಳು ಅಕ್ರಮವಾಗಿ ಇದ್ದಾರೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಹಾಕಿದರು. ಅದೆಲ್ಲ ಸುಳ್ಳು, ಇಪ್ಪತ್ತು ಲಕ್ಷದ ಆಸುಪಾಸು ಅಷ್ಟೇ ಅಂತ ಅಣ್ಣ ಜಗಳಕ್ಕೆ ನಿಂತ. ಸರಿಯಾದ ಲೆಕ್ಕ ಎಲ್ಲಿ ಸಿಗುತ್ತದೆ?
– ಬಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಬ್ಬರೂ ಸುಮ್ನೆ ಹೇಳಿದ್ದಲ್ಲ. ಇಬ್ಬರ ಸಂಖ್ಯೆಗೂ ಒಂದು ಮೂಲ ಇದೆ. ಆದರೆ ಎರಡೂ ನೀವು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಚಿಕ್ಕಪ್ಪನ ಎರಡು ಕೋಟಿ ಬಂದದ್ದು ಸಂಸತ್ತಿನಿಂದ. 2016ರ ನವೆಂಬರಿನಲ್ಲಿ ಆಗಿನ ಗೃಹ ಖಾತೆ ರಾಜ್ಯ ಸಚಿವ ಕಿರಣ್ ರಿಜಿಜು ರಾಜ್ಯಸಭೆಯಲ್ಲಿ, ಸಿಕ್ಕಿರುವ ಮಾಹಿತಿ ಪ್ರಕಾರ ಸುಮಾರು ಎರಡು ಕೋಟಿ ಅಂದರು. ಯಾರು ಎಣಿಸಿದರು, ಹೇಗೆ ಎಣಿಸಿದರು ಅನ್ನುವ ವಿವರ ಅದರಲ್ಲಿ ಇರಲಿಲ್ಲ. ಇದಕ್ಕೂ ಮೊದಲು, 2004ರ ಜುಲೈನಲ್ಲಿ, ಅದೇ ಹುದ್ದೆಯಲ್ಲಿದ್ದ ಶ್ರೀಪ್ರಕಾಶ್ ಜೈಸ್ವಾಲ್ 1,20,53,950 ಅಂತ ಉತ್ತರ ಕೊಟ್ಟಿದ್ದರು. ಕೊನೆಯ ಐವತ್ತು ಜನರವರೆಗೂ ಲೆಕ್ಕ! ಅಸ್ಸಾಮಿನಲ್ಲಿ ಗಲಾಟೆ ಎದ್ದಿತು. ಆಮೇಲೆ ಅವರೇ, ಅದು ನಂಬಲಾಗದ ವರದಿಗಳಿಂದ ಬಂದ ಸಂಖ್ಯೆ ಅಂತ ಹಿಂದೆ ಸರಿದರು. ಪಕ್ಷ ಬೇರೆ, ಸರ್ಕಾರ ಬೇರೆ, ಚಾಳಿ ಮಾತ್ರ ಒಂದೇ. ಸರ್ಕಾರ ಇದೇ ಪ್ರಶ್ನೆಗೆ ಬೇರೆ ಸಲ ಲಿಖಿತವಾಗಿಯೇ ಇನ್ನೊಂದು ಉತ್ತರ ಕೊಟ್ಟಿದೆ: ಇಂಥವರು ಕದ್ದುಮುಚ್ಚಿ ಬರುವುದರಿಂದ ನಿಖರ ಲೆಕ್ಕ ಸಾಧ್ಯವಿಲ್ಲ. ಈ ಉತ್ತರವನ್ನು ಯಾವ ಗ್ರೂಪಿನಲ್ಲೂ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ಅಣ್ಣನ ಸಂಖ್ಯೆ ಜನಗಣತಿಯದ್ದಿರಬೇಕು. ಗಣತಿಯಲ್ಲಿ ವಲಸೆಯ ಕೋಷ್ಟಕಗಳಿಗೆ ಡಿ ಸರಣಿ ಅಂತ ಹೆಸರು. ಇಲ್ಲಿಗೆ ಬರುವ ಮೊದಲು ಬಾಂಗ್ಲಾದೇಶದಲ್ಲಿ ಇದ್ದೆವು ಅಂತ 2011ರಲ್ಲಿ ಬರೆಸಿದವರು ಸುಮಾರು 23 ಲಕ್ಷ. 2001ರಲ್ಲಿ ಅದು 31 ಲಕ್ಷದ ಹತ್ತಿರ ಇತ್ತು. ಇಳಿದದ್ದು ನೋಡಿ ಆಶ್ಚರ್ಯಪಡಬೇಕಿಲ್ಲ. ದೇಶ ಇಬ್ಭಾಗವಾದಾಗ ಬಂದವರು, 1971ರ ಯುದ್ಧದ ಹೊತ್ತಿಗೆ ಬಂದು ಉಳಿದವರು, ಆ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಅವರಲ್ಲಿ ಬಹಳ ಜನ ಇಲ್ಲಿನ ನಾಗರಿಕರೇ. ಹಾಗಾಗಿ ಈ 23 ಲಕ್ಷವನ್ನು ಅಕ್ರಮ ವಲಸಿಗರ ಸಂಖ್ಯೆ ಅಂದರೆ ತಪ್ಪು. ಇನ್ನೊಂದು ಕಡೆಯಿಂದಲೂ ಯೋಚಿಸಿ. ಹೋದ ವರ್ಷ ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದವನು, ಗಣತಿಗೆ ಬಂದ ಮೇಷ್ಟ್ರ ಮುಂದೆ ನಾನು ಬಾಂಗ್ಲಾದವನು ಅಂತ ಬರೆಸುತ್ತಾನಾ? ಅಂದರೆ ಈ ಲೆಕ್ಕದಲ್ಲಿ ಸೇರಬಾರದವರು ಸೇರಿದ್ದಾರೆ, ಸೇರಬೇಕಾದವರು ಬಿಟ್ಟುಹೋಗಿದ್ದಾರೆ. ಜೊತೆಗೆ ಇದು 2011ರದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ, ಈಗ 2027ಕ್ಕೆ ನಿಗದಿಯಾಗಿದೆ.

ಸ್ಪರ್ಧೆಯಲ್ಲಿ ಯಾರಾದರೂ ನಾಗರಿಕರ ರಾಷ್ಟ್ರೀಯ ನೋಂದಣಿ ಪಟ್ಟಿ, ಅಂದರೆ ಅಸ್ಸಾಮಿನ ಎನ್‌ಆರ್‌ಸಿ ಎತ್ತಿಯೇ ಎತ್ತುತ್ತಾರೆ. 2019ರ ಆಗಸ್ಟ್ 31ರಂದು ಬಂದ ಪಟ್ಟಿಯಿಂದ ಹೊರಗುಳಿದವರು 19,06,657. ಅರ್ಜಿ ಹಾಕಿದ್ದವರು ಸುಮಾರು 3.3 ಕೋಟಿ. ಇದು ನಿಜವಾಗಿಯೂ ಎಣಿಸಿದ ಸಂಖ್ಯೆ. ಆದರೆ ಎಣಿಸಿದ್ದು ದಾಖಲೆಯಲ್ಲಿ ಪಾಸಾಗದವರನ್ನು, ವಿದೇಶಿಯರನ್ನಲ್ಲ. ಹೊರಗುಳಿದವರು ವಿದೇಶಿಯರ ನ್ಯಾಯಮಂಡಳಿಗೆ ಹೋಗಬಹುದು, ತೀರ್ಮಾನ ಅಲ್ಲಿ ಆಗಬೇಕು.

ನೀವೇ ಹುಡುಕಬೇಕಾದರೆ ಮೊದಲು ಸಂಸತ್ತಿನ ಜಾಲತಾಣದ ಪ್ರಶ್ನೋತ್ತರ ವಿಭಾಗಕ್ಕೆ ಹೋಗಿ. ಪತ್ರಿಕೆಯ ತಲೆಬರಹ ಬಿಟ್ಟು, ಮೂಲ ಉತ್ತರ ಓದಿ. ಎಷ್ಟೋ ಸಲ ಒಂದೇ ಉತ್ತರದಲ್ಲಿ ಎರಡು ಸಂಖ್ಯೆ ಇರುತ್ತದೆ. 2017ರ ಆಗಸ್ಟಿನಲ್ಲಿ ರೋಹಿಂಗ್ಯಾಗಳ ಬಗ್ಗೆ ಕೇಳಿದಾಗ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನಲ್ಲಿ ನೋಂದಾಯಿಸಿಕೊಂಡವರು ಸುಮಾರು 14 ಸಾವಿರ, ಅಕ್ರಮವಾಗಿ ಇರುವವರು ಅಂದಾಜು 40 ಸಾವಿರ ಅಂತ ಸರ್ಕಾರ ಹೇಳಿತು. ಒಂದು ಹೆಸರು ಬರೆದುಕೊಂಡ ರಿಜಿಸ್ಟರ್, ಇನ್ನೊಂದು ಅಂದಾಜು. ಸುದ್ದಿಯಲ್ಲಿ ಉಳಿದದ್ದು ಯಾವುದು ಅಂತ ಹೇಳಬೇಕಿಲ್ಲ.

ವೇದಿಕೆಯಲ್ಲಿ ಎದುರಿನವರು ಒಂದು ಸಂಖ್ಯೆ ಹೇಳಿದ ಕೂಡಲೇ ಕೇಳಿ: ಯಾರು ಎಣಿಸಿದ್ದು, ಯಾವ ವರ್ಷ, ಯಾರ‍್ಯಾರನ್ನು ಸೇರಿಸಿಕೊಂಡು? ನಿಮ್ಮದೇ ಸಂಖ್ಯೆಗೂ ಇದೇ ಪರೀಕ್ಷೆ ಹಾಕಿಕೊಂಡು ಹೋಗಿ. ಅಕ್ರಮವಾಗಿ ಇರುವವರನ್ನು ಯಾರೂ ಎಣಿಸಿಲ್ಲ ಅಂತ ಒಪ್ಪಿಕೊಂಡೇ ವಾದ ಮಾಡಬಹುದು. ನಾನು ತೀರ್ಪುಗಾರಳಾಗಿದ್ದರೆ ಅದಕ್ಕೇ ಜಾಸ್ತಿ ಅಂಕ ಕೊಡುತ್ತಿದ್ದೆ.

ಪ್ರಶ್ನೆ: ನಾನು ಪಿರಿಯಾಪಟ್ಟಣ ಕಡೆಯ ಹೈಸ್ಕೂಲು ಮೇಷ್ಟ್ರು. ಬೈಲುಕುಪ್ಪೆ ಬಗ್ಗೆ ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸುತ್ತಿದ್ದೇನೆ. ಭಾರತದಲ್ಲಿರುವ ಟಿಬೆಟಿಯನ್ನರು ಒಂದು ಲಕ್ಷ ಅಂತ ಒಂದು ಕಡೆ, ಎಪ್ಪತ್ತು ಸಾವಿರ ಅಂತ ಇನ್ನೊಂದು ಕಡೆ ಇದೆ. ಯಾವುದು ಬರೆಸಲಿ?

ಉತ್ತರ: ಎರಡನ್ನೂ ಬರೆಸಿ ಸರ್, ಆದರೆ ಪಕ್ಕದಲ್ಲಿ ವರ್ಷ ಇರಲಿ. ಟಿಬೆಟಿಯನ್ನರ ಕೇಂದ್ರ ಆಡಳಿತ ಧರ್ಮಶಾಲೆಯಿಂದ 2009ರಲ್ಲಿ ತನ್ನದೇ ಗಣತಿ ಮಾಡಿತ್ತು. ಭಾರತದಲ್ಲಿ ಸಿಕ್ಕವರು 94,203. ಕೇಂದ್ರ ಗೃಹ ಇಲಾಖೆಯ ವಾರ್ಷಿಕ ವರದಿಯಲ್ಲಿ 2020ರ ಜನವರಿಗೆ ಇದ್ದದ್ದು ಸುಮಾರು 72 ಸಾವಿರ, ಅದರಲ್ಲಿ ಕರ್ನಾಟಕದ ಪಾಲು 21 ಸಾವಿರಕ್ಕೂ ಹೆಚ್ಚು. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಸಂಖ್ಯೆ ಇಳಿಯುತ್ತಿರುವುದು ನಿಜ. 2008ರ ನಂತರ ಟಿಬೆಟಿನಿಂದ ಹೊಸಬರು ಬರುವುದು ತೀರಾ ಕಡಿಮೆಯಾಯಿತು, ಇಲ್ಲಿನ ಹುಡುಗರು ಅಮೆರಿಕ, ಕೆನಡಾ, ಯುರೋಪಿನ ಕಡೆ ಹೊರಟರು.

ಮಕ್ಕಳು ತಪ್ಪುವ ಜಾಗ ಇನ್ನೊಂದಿದೆ. ಬೈಲುಕುಪ್ಪೆಯ ಸೆರಾ ಬೌದ್ಧ ಮಠದಲ್ಲಿ ಕೆಂಪು ಬಟ್ಟೆಯವರನ್ನೆಲ್ಲ ಎಣಿಸಿ ನಿರಾಶ್ರಿತರು ಅಂತ ಬರೆದುಬಿಡುತ್ತಾರೆ. ಅಲ್ಲಿ ಓದುವವರಲ್ಲಿ ಲಡಾಖ್, ಅರುಣಾಚಲದ ಹುಡುಗರೂ ಇದ್ದಾರೆ, ಅವರು ಹುಟ್ಟಿನಿಂದ ಭಾರತೀಯರು. ನೇಪಾಳ, ಭೂತಾನದವರೂ ಇದ್ದಾರೆ. ಇನ್ನು ಟಿಬೆಟಿಯನ್ನರಲ್ಲೇ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ನಮ್ಮ ಪೌರತ್ವ ಕಾಯ್ದೆ ಪ್ರಕಾರ ಹುಟ್ಟಿನಿಂದಲೇ ನಾಗರಿಕರು. ಕರ್ನಾಟಕ ಹೈಕೋರ್ಟು 2013ರಲ್ಲಿ ಇದನ್ನು ಎತ್ತಿಹಿಡಿದಿದೆ. ಪಾಸ್‌ಪೋರ್ಟ್ ತೆಗೆದುಕೊಂಡವರೂ ಇದ್ದಾರೆ, ಬೇಡ ಅಂತ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ ಆರ್‌ಸಿ ಇಟ್ಟುಕೊಂಡೇ ಉಳಿದವರೂ ಇದ್ದಾರೆ. ಅಕ್ಕಪಕ್ಕದ ಮನೆಯ ಇಬ್ಬರು ಸರ್ಕಾರದ ಲೆಕ್ಕದಲ್ಲಿ ಬೇರೆಬೇರೆ ಕಾಲಂನಲ್ಲಿ ಇರಬಹುದು.

ಪ್ರಾಜೆಕ್ಟ್ ಸ್ವಲ್ಪ ದೊಡ್ಡದು ಮಾಡುವಿರಾದರೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯದ ಟಿಬೆಟಿಯನ್ನರ ನೆಲೆಗಳನ್ನೂ ಸೇರಿಸಿ. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳ ಬಂಗಾಳಿಗಳನ್ನು, ಸುಳ್ಯ–ಪುತ್ತೂರಿನ ರಬ್ಬರ್ ತೋಟಗಳ ತಮಿಳರನ್ನು ಮಾತ್ರ ಇದೇ ಪಟ್ಟಿಗೆ ಹಾಕಬೇಡಿ. ಸಿಂಧನೂರಿನವರು ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದವರು. ಸುಳ್ಯದವರು 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಭಾರತದ ಪೌರತ್ವದ ಮೇಲೆಯೇ ಬಂದವರು. ಜನ ಇವರನ್ನೆಲ್ಲ ಒಟ್ಟಿಗೆ ನಿರಾಶ್ರಿತರು ಅನ್ನುತ್ತಾರೆ, ಅಂಕಿಅಂಶದಲ್ಲಿ ಮಾತ್ರ ಪ್ರತಿಯೊಂದು ಗುಂಪಿನ ಜಾಗವೂ ಬೇರೆ.

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿ ಎಚ್‌–1ಬಿ ಉದ್ಯೋಗ ವೀಸಾ ಮೇಲೆ ಇದ್ದಾನೆ. ಅಮೆರಿಕದಲ್ಲಿ ದಾಖಲೆ ಇಲ್ಲದ ಭಾರತೀಯರು ಏಳು ಲಕ್ಷ ಅಂತ ಟೀವಿಯಲ್ಲಿ ಬಂದಾಗಿನಿಂದ ಮನೆಯಲ್ಲಿ ಆತಂಕ. ಇನ್ನೊಂದು ಕಡೆ ಎರಡು ಲಕ್ಷ ಅಂತಿದೆ. ಇಷ್ಟು ವ್ಯತ್ಯಾಸ ಹೇಗೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಎಚ್–1ಬಿ ಅವಧಿಯಲ್ಲಿ ಇರುವ ನಿಮ್ಮ ಮಗ ಈ ಸಂಖ್ಯೆಯಲ್ಲಿ ಇಲ್ಲ. ಮೊದಲು ಅಷ್ಟು ಸಮಾಧಾನ ಮಾಡಿಕೊಳ್ಳಿ.

2025ರ ಫೆಬ್ರವರಿಯಲ್ಲಿ 104 ಜನರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದಾಗ ಈ ಸಂಖ್ಯೆಗಳು ನಮ್ಮ ಚಾನೆಲ್‌ಗಳಿಗೆ ಬಂದವು. ಪ್ಯೂ ರಿಸರ್ಚ್ ಸೆಂಟರ್ 2021ಕ್ಕೆ ಕೊಟ್ಟ ಅಂದಾಜು 7.25 ಲಕ್ಷ. ಮೈಗ್ರೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್‌ನದ್ದು 3.75 ಲಕ್ಷ. ಅಮೆರಿಕ ಸರ್ಕಾರದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ 2022ಕ್ಕೆ ಹೇಳಿದ್ದು 2.2 ಲಕ್ಷ. ಮೂವರಲ್ಲಿ ಯಾರೂ ಬಾಯಿಗೆ ಬಂದದ್ದು ಹೇಳುವವರಲ್ಲ. ಲೆಕ್ಕದ ವಿಧಾನವನ್ನೂ ಪ್ರಕಟಿಸುತ್ತಾರೆ.

ನೀವು ಬ್ಯಾಂಕಿನವರು, ಬೇಗ ಅರ್ಥವಾಗುತ್ತದೆ. ಅಮೆರಿಕದ ಮನೆಮನೆ ಸಮೀಕ್ಷೆಯಲ್ಲಿ ಎಲ್ಲಿ ಹುಟ್ಟಿದ್ದು, ನಾಗರಿಕರಾ ಅಂತ ಕೇಳುತ್ತಾರೆ, ವೀಸಾ ಇದೆಯಾ ಅಂತ ಕೇಳುವುದಿಲ್ಲ. ಆದ್ದರಿಂದ ಭಾರತದಲ್ಲಿ ಹುಟ್ಟಿದವರ ಒಟ್ಟು ಸಂಖ್ಯೆಯಿಂದ ನಾಗರಿಕರು, ಗ್ರೀನ್ ಕಾರ್ಡಿನವರು, ವಿದ್ಯಾರ್ಥಿಗಳು, ಎಚ್–1ಬಿಯವರನ್ನು ಕಳೆದು, ಉಳಿದವರನ್ನು ದಾಖಲೆ ಇಲ್ಲದವರು ಅನ್ನುತ್ತಾರೆ. ತಿಂಗಳ ಕೊನೆಯಲ್ಲಿ ಗೊತ್ತಿರುವ ಖರ್ಚೆಲ್ಲ ಕಳೆದು, ಲೆಕ್ಕಕ್ಕೆ ಸಿಗದ ದುಡ್ಡು ಎಷ್ಟು ಅಂತ ನೋಡುತ್ತೇವಲ್ಲ, ಹಾಗೆ. ಭಾರತೀಯರ ವಿಷಯದಲ್ಲಿ ಕಳೆಯಬೇಕಾದದ್ದೇ ಬಹಳ ದೊಡ್ಡದು, ಯಾಕೆಂದರೆ ತಾತ್ಕಾಲಿಕ ವೀಸಾದ ಮೇಲೆ ಇರುವವರಲ್ಲಿ ನಮ್ಮವರದ್ದೇ ದೊಡ್ಡ ಪಾಲು, ಮತ್ತು ಅವರಲ್ಲಿ ಆ ದಿನ ಎಷ್ಟು ಜನ ದೇಶದೊಳಗೇ ಇದ್ದರು ಅನ್ನುವುದೂ ಅಂದಾಜೇ. ಅಲ್ಲಿ ಸ್ವಲ್ಪ ಆಚೀಚೆ ಆದರೂ ಉಳಿಕೆ ಬಹಳ ಬದಲಾಗುತ್ತದೆ. ಆಶ್ರಯ ಕೋರಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರನ್ನು ಎಲ್ಲಿ ಸೇರಿಸಬೇಕು ಅನ್ನುವುದೂ ತಕರಾರೇ. ಪ್ಯೂ ಅವರನ್ನೂ ಸೇರಿಸಿಕೊಳ್ಳುತ್ತದೆ.

ಗಡಿಯಲ್ಲಿ ಸಿಕ್ಕಿಬಿದ್ದವರ ಸಂಖ್ಯೆ ಬೇರೆಯದೇ ಜಾತಿ. 2023ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಭಾರತೀಯರದ್ದು 96,917 ಪ್ರಕರಣ. ಇಲ್ಲಿ ಎಣಿಸುವುದು ಪ್ರಕರಣವನ್ನು. ಒಬ್ಬನೇ ಎರಡು ಸಲ ಸಿಕ್ಕರೆ ಎರಡು.

ಪ್ರಶ್ನೆ: ಪ್ರಪಂಚದಲ್ಲಿ ಹನ್ನೆರಡು ಕೋಟಿ ನಿರಾಶ್ರಿತರು ಇದ್ದಾರಂತೆ, ಎಲ್ಲ ಯುರೋಪಿಗೆ ನುಗ್ಗುತ್ತಿದ್ದಾರಂತೆ. ಹೌದಾ?

ಉತ್ತರ: ಎರಡೂ ಸರಿಯಲ್ಲ. ಯುಎನ್‌ಎಚ್‌ಸಿಆರ್ ಪ್ರತಿ ಜೂನ್‌ನಲ್ಲಿ ಹಿಂದಿನ ವರ್ಷದ ಲೆಕ್ಕ ಬಿಡುತ್ತದೆ. 2024ರ ಕೊನೆಗೆ ಮನೆಮಠ ಬಿಟ್ಟು ಓಡಬೇಕಾಗಿ ಬಂದವರು 12.32 ಕೋಟಿ. ಇವರಲ್ಲಿ 7.35 ಕೋಟಿ ಜನ ತಮ್ಮ ದೇಶವನ್ನೇ ದಾಟಿಲ್ಲ, ಅಲ್ಲೇ ಇನ್ನೊಂದು ಊರಿಗೆ ಹೋಗಿದ್ದಾರೆ. ಗಡಿ ದಾಟಿದ ನಿರಾಶ್ರಿತರು 4.27 ಕೋಟಿ. ಅವರಲ್ಲೂ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ಇದ್ದಾರೆ. ಇದೇ ವಿಷಯಕ್ಕೆ ಜಿನೀವಾದ ಐಡಿಎಂಸಿ ಅನ್ನುವ ಸಂಸ್ಥೆಯ ವರದಿ ನೋಡಿದರೆ ಸ್ವದೇಶದಲ್ಲೇ ಚದುರಿದವರು 8.34 ಕೋಟಿ ಅಂತ ಸಿಗುತ್ತದೆ. ಗಾಬರಿ ಬೇಡ. ಅವರು ನೆರೆ, ಭೂಕಂಪದಿಂದ ಊರು ಬಿಟ್ಟವರನ್ನೂ ಸೇರಿಸುತ್ತಾರೆ. ಎರಡನ್ನೂ ಕೂಡಿಸಲು ಮಾತ್ರ ಹೋಗಬೇಡಿ, ಅದೇ ಜನರನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಪ್ರಶ್ನೆ: ಭಟ್ಕಳದಿಂದ ಗಲ್ಫ್‌ಗೆ ಹೋದವರ ಬಗ್ಗೆ ಎಂಎ ಪ್ರಬಂಧ ಬರೆಯುತ್ತಿದ್ದೇನೆ. ಕೇಂದ್ರದ ಇ–ಮೈಗ್ರೇಟ್ ಅಂಕಿಅಂಶ ಸಾಕಾಗುತ್ತದಾ?

ಉತ್ತರ: ಸಾಕಾಗುವುದಿಲ್ಲ. ಹತ್ತನೇ ಕ್ಲಾಸ್ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರುವವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಪಡೆಯುವ ಅನುಮತಿಯ ಲೆಕ್ಕ ಅದು. ಕರಾವಳಿಯಿಂದ ದುಬೈಗೆ ಹೋಗುವ ಡಿಗ್ರಿ ಮಾಡಿದ ಅಕೌಂಟೆಂಟ್ ಅದರಲ್ಲಿ ಕಾಣುವುದೇ ಇಲ್ಲ. ಹೋದವರ ಲೆಕ್ಕ ಇದೆ, ವಾಪಸ್ ಬಂದವರದ್ದು ಇಲ್ಲ. ವಿದೇಶಾಂಗ ಇಲಾಖೆ ಹೇಳುವ ಮೂರೂವರೆ ಕೋಟಿ ಸಾಗರೋತ್ತರ ಭಾರತೀಯರ ಸಂಖ್ಯೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಮಾರಿಷಸ್, ಟ್ರಿನಿಡಾಡ್‌ಗಳಲ್ಲೇ ಹುಟ್ಟಿದ ಮರಿಮಕ್ಕಳೂ ಇದ್ದಾರೆ. ವಿಶ್ವಸಂಸ್ಥೆಯ ವಲಸೆ ಲೆಕ್ಕದಲ್ಲಿ 2024ಕ್ಕೆ ಭಾರತದಿಂದ ಹೋಗಿ ಹೊರಗಿರುವವರು 1.85 ಕೋಟಿ ಮಾತ್ರ.

ನಿಮಗೆ ಮಾದರಿ ಬೇಕಾದರೆ ಕೇರಳ ನೋಡಿ. 1998ರಿಂದ ಅಲ್ಲಿ ಕೆಲವು ವರ್ಷಕ್ಕೊಮ್ಮೆ ವಲಸೆ ಸಮೀಕ್ಷೆ ನಡೆಯುತ್ತದೆ, ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಶುರು ಮಾಡಿದ್ದು. 2023ರ ಸಮೀಕ್ಷೆಯಲ್ಲಿ ಹೊರದೇಶದಲ್ಲಿರುವ ಕೇರಳಿಗರು ಸುಮಾರು 22 ಲಕ್ಷ ಅಂತ ಬಂತು. ಮನೆಗೆ ಹೋಗಿ, ಈ ಮನೆಯವರು ಯಾರು ಹೊರಗಿದ್ದಾರೆ, ಯಾರು ವಾಪಸ್ ಬಂದರು ಅಂತ ಕೇಳುವ ವಿಧಾನ. ಭಟ್ಕಳದ ಎರಡು ಮೂರು ವಾರ್ಡುಗಳಲ್ಲಿ ನೀವೂ ಇದನ್ನು ಮಾಡಬಹುದು. ಒಂದು ತೊಡಕಿದೆ. ಇಡೀ ಸಂಸಾರ ಹೋಗಿ ಬೀಗ ಬಿದ್ದ ಮನೆಯಲ್ಲಿ ಉತ್ತರಿಸಲು ಯಾರೂ ಇರುವುದಿಲ್ಲ. ಅಂಥ ಮನೆಗಳಿಗೆ ಬೇರೆಯೇ ಕಾಲಂ ಮಾಡಿ, ಅಕ್ಕಪಕ್ಕದವರು ಹೇಳಿದ್ದನ್ನು ಅದರಲ್ಲಿ ಬರೆದುಕೊಳ್ಳಿ. ಮನೆಯವರೇ ಹೇಳಿದ್ದರ ಜೊತೆ ಅದನ್ನು ಬೆರೆಸಬೇಡಿ.